ಅನುದಾನ ತಿಂದ ಹುಳು

ಮಂಡ್ಯ ಕಡೆಯ ಒಂದು ಶಾಲೆಗೆ ಚಿಟ್ಟೆ ತೋಟ ಮಾಡಲು 5,000 ರೂಪಾಯಿ ಬಂತು. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ಅದೂ ಬರುವುದಿಲ್ಲ. ಯೋಜನೆ ಪೂರ್ತಿ ಮಕ್ಕಳದೇ ಎಂದು ಆದೇಶದಲ್ಲಿತ್ತು. ಹಾಗಾಗಿ ಮಕ್ಕಳನ್ನು ಹೊರಗೆ ನಿಲ್ಲಿಸಿ ದೊಡ್ಡವರು ಆರು ಸಲ ಮೀಟಿಂಗ್ ಮಾಡಿದರು.

ಮಕ್ಕಳು ಕೇಳಿದ್ದು ಚಿಟ್ಟೆ ಮೊಟ್ಟೆ ಇಡುವ ಗಿಡಗಳನ್ನು: ಕರಿಬೇವು, ನಿಂಬೆ, ಎಕ್ಕ. ಎಕ್ಕ ರೋಡ್ ಪಕ್ಕದಲ್ಲೇ ಸಿಗುತ್ತದೆ, ಬಿಲ್ ಯಾರು ಕೊಡುತ್ತಾರೆ? ಬಿಲ್ ಇಲ್ಲದ ಗಿಡ ಲೆಕ್ಕದಲ್ಲಿ ಚಿಗುರುವುದಿಲ್ಲ. ಅದನ್ನು ಕೈಬಿಟ್ಟರು. ಉಳಿದ ದುಡ್ಡಿನಲ್ಲಿ, ಅಲ್ಲಲ್ಲ, ಮೊದಲ ದುಡ್ಡಿನಲ್ಲಿ, ಫ್ಲೆಕ್ಸ್, ಹಾರ, ಮೈಸೂರು ಪೇಟ ಬಂದವು. ಫ್ಲೆಕ್ಸ್ ತುಂಬ ಹನ್ನೊಂದು ಮುಖ, ಮೂಲೆಯಲ್ಲಿ ಒಂದು ಚಿಟ್ಟೆ. ಆ ಚಿಟ್ಟೆಯೂ ಅಮೆರಿಕದ್ದು.

ಆದರೂ ಕರಿಬೇವಿಗೆ ನಮ್ಮ ಕರಿ ಚಿಟ್ಟೆ ಬಂದು ಮೊಟ್ಟೆ ಇಟ್ಟೇಬಿಟ್ಟಿತು. ಅದಕ್ಕೆ ಆಹ್ವಾನ ಪತ್ರಿಕೆ ಹೋಗಿರಲಿಲ್ಲ. ಇದರ ಮರಿಹುಳು ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ದೊಡ್ಡದಾದಂತೆ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ.

ತಪಾಸಣೆಗೆ ಬಂದ ಸಾಹೇಬರು ಕೆಣಕಿದರು.

ಕೈ ತೊಳೆದುಕೊಂಡು ವರದಿ ಬರೆದರು: ‘ಅನುದಾನದಲ್ಲಿ ಖರೀದಿಸಿದ ಗಿಡಗಳನ್ನು ಹುಳುಗಳು ತಿಂದಿರುತ್ತವೆ.’

‘ಸಾರ್, ಆ ಹುಳುನೇ ಚಿಟ್ಟೆ ಆಗೋದು’ ಎಂದಳು ಏಳನೇ ಕ್ಲಾಸಿನ ಹುಡುಗಿ. ‘ಆದಮೇಲೆ ಬರಲಿ ಬಿಡಮ್ಮ’ ಎಂದರು. ಮಾರನೇ ದಿನವೇ ಔಷಧಿ ಹೊಡೆಸಿದರು. ಸರ್ಕಾರದ ದುಡ್ಡು ತಿಂದವರ ಮೇಲೆ ಇಷ್ಟು ಬೇಗ ಕ್ರಮ ಆದದ್ದನ್ನು ನಾನಂತೂ ನೋಡಿಲ್ಲ.

ಇದೇ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯನ್ನು ಜನ ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಊರು ಸರ್ಕಾರದ ಲೆಕ್ಕದಲ್ಲಿ ಸಮುದಾಯ ಮೀಸಲು ಪ್ರದೇಶ ಆದದ್ದು 2007ರಲ್ಲಿ. ಹಕ್ಕಿಗಳು ಅಲ್ಲಿಯವರೆಗೆ ಕಾಯಲಿಲ್ಲ ನೋಡಿ, ಶಿಸ್ತೇ ಇಲ್ಲ.

ಈಗ ತೋಟ ಚೊಕ್ಕಟವಾಗಿದೆ. ಎಲೆಗಳಲ್ಲಿ ಒಂದು ತೂತಿಲ್ಲ. ಗೋಡೆ ಮೇಲೆ ಪೇಂಟ್ ಮಾಡಿದ ನಾಲ್ಕು ಚಿಟ್ಟೆಗಳಿವೆ, ಫೋಟೋಗೆ ಚೆನ್ನಾಗಿ ಬರುತ್ತವೆ, ಹಾರಿಹೋಗುವ ಭಯವೂ ಇಲ್ಲ. ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಂನಲ್ಲಿ ಅದೇ ನಾಲ್ಕು ತುಂಬಿದ್ದಾರಂತೆ.

ಔಷಧಿ ಹೊಡೆಯುವ ಹಿಂದಿನ ಸಂಜೆ ಮಕ್ಕಳು ಆರೇಳು ಹುಳುಗಳನ್ನು ಟಿಫನ್ ಬಾಕ್ಸಿನಲ್ಲಿ ಹೊತ್ತು ಬಿಸಿಯೂಟದ ಅಡುಗೆಮನೆ ಹಿಂದಿನ ಹಳೇ ಕರಿಬೇವಿಗೆ ಬಿಟ್ಟಿದ್ದರು. ಅದು ಯಾವ ಅನುದಾನದ್ದೂ ಅಲ್ಲ, ಬೋರ್ಡೂ ಇಲ್ಲ. ಅಡುಗೆಯಮ್ಮ ಹುಳು ಇರುವ ರೆಂಬೆಯೊಂದನ್ನು ಬಿಟ್ಟು, ಗೊಣಗಿಕೊಂಡೇ, ಉಳಿದದ್ದನ್ನು ಒಗ್ಗರಣೆಗೆ ಕೀಳುತ್ತಿದ್ದಾರೆ.