ಟೈಂಪಾಸ್ ಡಿಗ್ರಿ ಅಂದ್ರಲ್ಲ, ಅದಕ್ಕೆ

"ಕೆಲಸದಲ್ಲಿರೋರಿಗೆ ಲಿಬರಲ್ ಸ್ಟಡೀಸ್ ಮಾಸ್ಟರ್ಸ್ ಬರೀ ಟೈಂಪಾಸು, ಯಾವ ಸಬ್ಜೆಕ್ಟಲ್ಲೂ ಆಳ ಇಲ್ಲ" ಅಂತ ಬರ್ದಿದೀರಲ್ಲ ಸರ್, ಆ ಮಾತು ಮಾತ್ರ ಒಪ್ಪಲ್ಲ. ಒಂದೇ ಸಬ್ಜೆಕ್ಟಿಗೆ ಅಂಟಿಕೊಳ್ಳದೆ ಬೇರೆ ಬೇರೆ ಸಬ್ಜೆಕ್ಟ್ ಸೇರಿಸಿ ಓದೋ ಈ ಡಿಗ್ರಿ ಅಮೆರಿಕದಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ವೆಸ್ಲಿಯನ್ ಯೂನಿವರ್ಸಿಟಿ 1953ರಲ್ಲೇ ಶುರು ಮಾಡಿತ್ತು. ನಾನು ಸಿವಿಲ್ ಇಂಜಿನಿಯರು, 46ನೇ ವಯಸ್ಸಲ್ಲಿ ಇಲ್ಲೇ ಒಂದು ಕಡೆ ಸೇರ್ದೆ, ಟರ್ಮಿಗೆ ಒಂದೇ ಕೋರ್ಸು, ಸಂಜೆ ಊಟದ ಡಬ್ಬಿ ಸಮೇತ ಆಫೀಸಿಂದ ಸೀದಾ ಕ್ಲಾಸಿಗೆ. ಥೀಸಿಸ್ ನಮ್ಮ ಕೋಲಾರದ ಕಡೆ ಕೆರೆಗಳ ಮೇಲೆ. ಇಪ್ಪತ್ತು ವರ್ಷ ನೀರಿನ ಲೆಕ್ಕ ಹಾಕಿದೋನಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನಗಳ ಸಂಪುಟದಲ್ಲಿ 'ಬಿತ್ತುವಟ್ಟ' ಅನ್ನೋ ಪದ ಸಿಕ್ಕಾಗ್ಲೇ ಗೊತ್ತಾಗಿದ್ದು, ಕೆರೆ ಕಟ್ಟಿಸಿದೋರಿಗೆ, ನೋಡ್ಕೊಳ್ಳೋರಿಗೆ ಅಂತ್ಲೇ ಗದ್ದೆ ಬಿಡ್ತಿದ್ರು, ಅಂದ್ರೆ ರಿಪೇರಿ ಖರ್ಚಿಗೂ ದಾರಿ ಅದ್ರಲ್ಲೇ ಇತ್ತು. ನಮ್ ಇಂಜಿನಿಯರಿಂಗ್ ಕಾಲೇಜಲ್ಲಿ ಇದನ್ನ ಯಾರೂ ಹೇಳ್ಲೇ ಇಲ್ಲ! ಶಾಸನಕ್ಕೆ ಹಳಗನ್ನಡ ಬೇಕು, ತೂಬಿಗೆ ಗಣಿತ ಬೇಕು, ಎರಡೂ ಒಂದೇ ಡಿಪಾರ್ಟ್‌ಮೆಂಟಲ್ಲಿ ಎಲ್ಲಿ ಸಿಗತ್ತೆ ಹೇಳಿ. ಪ್ರಮೋಷನ್ ಅಂತೂ ಸಿಗ್ಲಿಲ್ಲ, ಅದು ನಿಜ. ಗೈಡ್ ಹುಡುಕೋದ್ರಲ್ಲೇ ಒಂದು ಟರ್ಮ್ ಹೋಯ್ತು, ಹಿಸ್ಟರಿಯೋರು ಇಂಜಿನಿಯರಿಂಗ್ ಕಡೆ ಕೈ ತೋರ್ಸೋದು, ಅವ್ರು ವಾಪಸ್ ಇವ್ರ ಕಡೆ. ಬೈಯೋದಾದ್ರೆ ಅದನ್ನ ಬೈಯಿರಿ.