ಭೀಷ್ಮಜ್ಜನ ಮೇಲೆ ನನ್ನದೊಂದು ತಕರಾರು

ಕಥೆಯೊಳಗೆ ಬಿಳಿ ಗಡ್ಡದ ಅಜ್ಜ ಬಂದರೆ ನಾವು ಅರ್ಧ ಅಲ್ಲೇ ನಂಬಿಬಿಡುತ್ತೇವೆ. ನಾಟಕ, ಸಿನಿಮಾ, ಟಿವಿ ಧಾರಾವಾಹಿ ಎಲ್ಲ ಕಡೆ ಇದೇ. ನಮ್ಮ ಕಥೆಗಳಲ್ಲಿ ಇಂಥವರಿಗೆಲ್ಲ ಹಿರಿಯ ಭೀಷ್ಮ. ಈಗಲೂ ಸನ್ಮಾನ ಸಭೆಗಳಲ್ಲಿ ವಯಸ್ಸಾದವರನ್ನು 'ಈ ಕ್ಷೇತ್ರದ ಭೀಷ್ಮ' ಅಂತ ಹೊಗಳುತ್ತಾರೆ. ಶಾಲು ಹೊದ್ದು ಕೂತವರು ಖುಷಿಯಾಗಿ ಕೈ ಮುಗಿಯುತ್ತಾರೆ. ನನಗೆ ಮಾತ್ರ ಅದು ಬೈಗುಳದ ಹಾಗೆ ಕೇಳಿಸುತ್ತದೆ.

ಜೂಜಿನ ಸಭೆಯನ್ನೇ ನೋಡಿ. ತನ್ನನ್ನೇ ಸೋತ ಗಂಡ ನನ್ನನ್ನು ಪಣಕ್ಕಿಡಬಹುದಾ ಅಂತ ದ್ರೌಪದಿ ಕೇಳುತ್ತಾಳೆ. ನೇರ ಪ್ರಶ್ನೆ. ಕುರುಕುಲದ ಹಿರಿಯಜ್ಜ ಏನು ಹೇಳಿದ? ಧರ್ಮ ಸೂಕ್ಷ್ಮವಾದದ್ದು, ನಿನ್ನ ಪ್ರಶ್ನೆ ಬಿಡಿಸಲಾರೆ ಅಂದ. ಅಷ್ಟೇ. ಆಮೇಲೆ ಬಾಯಿ ಬಿಟ್ಟವನು ದುರ್ಯೋಧನನ ತಮ್ಮ ವಿಕರ್ಣ. ಇದು ತಪ್ಪು ಅಂತ ತುಂಬಿದ ಸಭೆಯಲ್ಲಿ ಹೇಳಿದ. ನೀನಿನ್ನೂ ಹುಡುಗ, ನಿನಗೇನು ಗೊತ್ತು ಅಂತ ಕರ್ಣ ಅವನ ಬಾಯಿ ಮುಚ್ಚಿಸಿದ. ಇದು ಎಲ್ಲೋ ಕೇಳಿದ ಮಾತು ಅನಿಸುತ್ತೆ, ಅಲ್ವಾ?

ಭೀಷ್ಮನ ಪರ ವಾದ ಮಾಡುವವರು ಅನ್ನದ ಋಣದ ಮಾತು ತೆಗೆಯುತ್ತಾರೆ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ ಕೂಡ. ಯುದ್ಧ ಶುರುವಾಗುವ ಮುಂಚೆ ಧರ್ಮರಾಯ ಆಶೀರ್ವಾದ ಕೇಳಲು ಬಂದಾಗ, ಮನುಷ್ಯ ಹಣದ ದಾಸ, ಹಣ ಯಾರ ದಾಸನೂ ಅಲ್ಲ, ಕೌರವರು ನನ್ನನ್ನು ಅದರಲ್ಲಿ ಕಟ್ಟಿಹಾಕಿದ್ದಾರೆ ಅನ್ನುತ್ತಾನೆ. ಪ್ರಾಮಾಣಿಕ ಮಾತು, ಒಪ್ಪೋಣ. ಆದರೆ ವಿದುರ ಉಂಡದ್ದೂ ಅದೇ ಅರಮನೆಯ ಅನ್ನ. ಅವನು ಜೂಜಿಗೆ ಮೊದಲೂ ಬೇಡ ಅಂದ, ಆಟದ ನಡುವೆಯೂ ಬೇಡ ಅಂದ. ನಮ್ಮ ಅನ್ನ ತಿಂದು ಅವರ ಕಡೆ ಮಾತಾಡ್ತೀಯಾ ಅಂತ ದುರ್ಯೋಧನನಿಂದ ಬೈಸಿಕೊಂಡ. ಕುಮಾರವ್ಯಾಸನ ವಿದುರನಂತೂ ಮುಂದೆ, ಇವರ ಪರ ಹೋರಾಡಲ್ಲ ಅಂತ ತನ್ನ ಬಿಲ್ಲನ್ನೇ ಮುರಿದು ಹಾಕುತ್ತಾನೆ. ಆದರೇನು, ದಾಸಿಯ ಮಗ. ಅವನ ಮಾತಿಗೆ ತೂಕವಿಲ್ಲ. ತೂಕ ಇದ್ದವನು ಮಾತಾಡಲಿಲ್ಲ.

ಸಂಧಿ ಮಾಡಿಕೋ ಅಂತ ಭೀಷ್ಮ ಹೇಳಲೇ ಇಲ್ಲ ಅಂತಲ್ಲ. ಎಷ್ಟೋ ಸಲ ಹೇಳಿದ. ಹೇಳಿ, ಅದೇ ದುರ್ಯೋಧನನಿಗೆ 10 ದಿನ ಸೇನಾಪತಿಯೂ ಆದ.

ಆಮೇಲೆ ಶರಶಯ್ಯೆ. ಎಲ್ಲ ಮುಗಿದ ಮೇಲೆ ಅಜ್ಜನ ಬಾಯಿಂದ ರಾಜಧರ್ಮ, ದಾನಧರ್ಮ, ಮೋಕ್ಷಧರ್ಮ ಹರಿದು ಬಂತು. ಮಹಾಭಾರತದ 18 ಪರ್ವಗಳಲ್ಲಿ ಅತಿ ಉದ್ದದ್ದು ಶಾಂತಿಪರ್ವ. ಅದರ ಬಹುಪಾಲು ಈ ಉಪದೇಶವೇ. ಸಾಲದ್ದಕ್ಕೆ ಅನುಶಾಸನಪರ್ವದಲ್ಲೂ ಮುಂದುವರಿಯುತ್ತದೆ. ಇದನ್ನು ಕೇಳುತ್ತಾ ದ್ರೌಪದಿ ನಕ್ಕುಬಿಟ್ಟಳು, ಆವತ್ತು ಎಲ್ಲಿ ಹೋಗಿತ್ತು ಈ ಧರ್ಮ ಅಂತ ಕೇಳಿದಳು ಎಂದು ಜನ ಹೇಳುವ ಒಂದು ಕಥೆ ಇದೆ. ವ್ಯಾಸ ಬರೆದದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಕಥೆ ಹೇಳುವ ನಮ್ಮ ಜನರಿಗೂ ಇದೇ ತಕರಾರು ಇತ್ತು ಅಂತಾಯ್ತು.

ರನ್ನ ಕವಿ ಇನ್ನೊಂದು ಥರ ನೋಡುತ್ತಾನೆ. ಅವನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳನ್ನು ದಾಟಿಕೊಂಡು ಶರಶಯ್ಯೆಯ ಬಳಿಗೆ ಬರುತ್ತಾನೆ. ತಮ್ಮಂದಿರಿಲ್ಲ, ಕರ್ಣನಿಲ್ಲ. ಈಗಲಾದರೂ ಸಂಧಿ ಮಾಡಿಕೋ ಅನ್ನುತ್ತಾನೆ ಅಜ್ಜ. 'ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ' ಅನ್ನುತ್ತಾನೆ ಮೊಮ್ಮಗ. ನೆಲಕ್ಕೋಸ್ಕರ ಅಂದುಕೊಂಡಿರಾ, ನಾನು ಹೋರಾಡೋದು ಛಲಕ್ಕೆ ಅಂತ. ನನಗನಿಸುವುದು, ಈ ಛಲ ಅಜ್ಜನಿಂದಲೇ ಬಂದದ್ದು. ತಮ್ಮ ವಿಚಿತ್ರವೀರ್ಯ ಸತ್ತು ವಂಶವೇ ನಿಲ್ಲುವ ಹೊತ್ತಲ್ಲಿ ಮಲತಾಯಿ ಸತ್ಯವತಿಯೇ ಬಂದು, ಮದುವೆಯಾಗಲ್ಲ, ಸಿಂಹಾಸನ ಏರಲ್ಲ ಅನ್ನುವ ಪ್ರತಿಜ್ಞೆ ಬಿಡು ಅಂತ ಬೇಡಿಕೊಂಡಳು. ಯಾರಿಗೋಸ್ಕರ ಆ ಪ್ರತಿಜ್ಞೆ ಹುಟ್ಟಿತ್ತೋ ಅವಳೇ ಕೇಳಿದರೂ ಈತ ಜಪ್ಪಯ್ಯ ಅನ್ನಲಿಲ್ಲ.

ಸತ್ಯವತಿ ಅಂದಾಗ ನೆನಪಾಯ್ತು. ಮಹಾಭಾರತದಲ್ಲಿ ನನಗೆ ಇಷ್ಟವಾದ ಹಿರಿಯಳು ಅವಳು. ಅವಳೇನೂ ಸಾಧ್ವಿಯಲ್ಲ, ವ್ಯಾಸನಿಂದ ಮಕ್ಕಳನ್ನು ಪಡೆಯಿರಿ ಅಂತ ವಿಧವೆ ಸೊಸೆಯಂದಿರನ್ನು ಒತ್ತಾಯ ಮಾಡಿದವಳೇ. ಆದರೆ ಪಾಂಡು ಸತ್ತ ಮೇಲೆ ವ್ಯಾಸ ಬಂದು, ಒಳ್ಳೆಯ ದಿನಗಳು ಮುಗಿದವು, ಕುಲ ಹಾಳಾಗುವುದನ್ನು ಕಣ್ಣಾರೆ ನೋಡಬೇಡ ಅಂದಾಗ ವಾದ ಮಾಡಲಿಲ್ಲ. ಆ ಸೊಸೆಯಂದಿರು ಅಂಬಿಕೆ, ಅಂಬಾಲಿಕೆಯರನ್ನು ಕರೆದುಕೊಂಡು ಕಾಡಿಗೆ ಹೊರಟಳು. ಇಷ್ಟು ದೊಡ್ಡ ನಿರ್ಧಾರಕ್ಕೆ ಕಥೆಯಲ್ಲಿ ಸಿಕ್ಕಿರುವುದು ಕೆಲವೇ ಸಾಲು. ಅಜ್ಜನಿಗೆ ಪರ್ವಗಟ್ಟಲೆ!

ಭೀಷ್ಮನನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳುವವರು ನಮ್ಮ ತಾಳಮದ್ದಳೆಯವರು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ಯಕ್ಷಗಾನದ ಕಥೆ ನಡೆಸುವವರು. ಮಳೆಗಾಲದಲ್ಲಿ ಕರಾವಳಿಯ ಕಡೆ ಹೋದರೆ 'ಭೀಷ್ಮವಿಜಯ' ಪ್ರಸಂಗ ಕೇಳಿ. ಅಲ್ಲಿ, ಭೀಷ್ಮ ಸ್ವಯಂವರದಿಂದ ಹೊತ್ತು ತಂದು ಆಮೇಲೆ ಮದುವೆಯಾಗಲ್ಲ ಅಂದ ಅಂಬೆ ಎದುರು ಕೂತು, ನೀನು ಮಾಡಿದ ಪ್ರತಿಜ್ಞೆಗೆ ನಾನ್ಯಾಕೆ ಬೀದಿಗೆ ಬೀಳಬೇಕು ಅಂತ ವಾದಕ್ಕೆ ಇಳಿಯುತ್ತಾಳೆ. ಅಂಬೆಯ ಅರ್ಥ ಹೇಳುವವರು, ಅಂದರೆ ಆ ಪಾತ್ರವಾಗಿ ಮಾತಾಡುವವರು, ಗಟ್ಟಿ ಇದ್ದರೆ ಭೀಷ್ಮನ ಅರ್ಥಧಾರಿಗೆ ಬೆವರು ಇಳಿಯುತ್ತದೆ. ಪಿತಾಮಹ ಅಂತ ಸುಮ್ನೆ ಬಿಡುವವರು ಅಲ್ಲಿ ಯಾರೂ ಇಲ್ಲ.