ಚಿತ್ರ ಒಂದು, ಚಿತ್ರ ಎರಡು, ನೀವೀಗ ನಿಂಜಾ

ಕೈಯಲ್ಲಿ ಅಡಗಿಸಿಟ್ಟ ಉಕ್ಕಿನ ಚೂರನ್ನು ಎಸೆಯುವ ಜಪಾನಿ ವಿದ್ಯೆಗೆ ಶುರಿಕೆನ್‌ಜುತ್ಸು ಎನ್ನುತ್ತಾರೆ. ನೆಗಿಶಿ ರ‍್ಯೂ, ಶಿರಾಯಿ ರ‍್ಯೂ ಮೊದಲಾದ ಪರಂಪರೆಗಳಲ್ಲಿ ಶಿಷ್ಯರು ಗುರುವಿನ ಎದುರು ನಿಂತು, ಎಸೆದು ಎಸೆದು ಕಲಿಯುತ್ತಿದ್ದರು. ಪಾಪ, ಅವರಿಗೆ ಪುಸ್ತಕದಂಗಡಿಯ ಅನುಕೂಲ ಇರಲಿಲ್ಲ.

1980ರ ದಶಕದಲ್ಲಿ ಅಮೆರಿಕಕ್ಕೂ ಬ್ರಿಟನ್‌ಗೂ ನಿಂಜಾ, ಅಂದರೆ ಹಳೆಯ ಜಪಾನಿನ ಗೂಢಚಾರರ, ಹುಚ್ಚು ಹಿಡಿಯಿತು. ಪರಮ ರಹಸ್ಯ ವಿದ್ಯೆ ಪೇಪರ್‌ಬ್ಯಾಕ್ ರೂಪದಲ್ಲಿ ಸಿಗತೊಡಗಿತು. ಬೆಲೆ ಕೊಟ್ಟವರಿಗೆಲ್ಲ ರಹಸ್ಯ!

ಪಾಠ ಬಹಳ ಸರಳ. ಚಿತ್ರ ಒಂದರಲ್ಲಿ ಕೈ ಕಿವಿಯ ಪಕ್ಕದಲ್ಲಿದೆ. ಚಿತ್ರ ಎರಡರಲ್ಲಿ ಆಯುಧ ಹಲಗೆಯಲ್ಲಿ ನಾಟಿದೆ. ವಿದ್ಯೆ ಇರುವುದು ಇವೆರಡರ ನಡುವೆ. ಅಲ್ಲಿ ಬರೀ ಬಿಳಿ ಕಾಗದ.

ಬೋ ಶುರಿಕೆನ್ ಎಂಬ ಉದ್ದ ಮೊಳೆಯಂಥದ್ದನ್ನೇ ನೋಡಿ. ಮೊನೆ ಮೇಲೆ ಮಾಡಿ ಹಿಡಿಯಬೇಕು. ಅದು ಗಾಳಿಯಲ್ಲಿ ಕಾಲು ಸುತ್ತಷ್ಟೇ ತಿರುಗಿ, ಮೊನೆ ಮುಂದಾಗಿ ನಾಟಬೇಕು. ಎಷ್ಟು ಹೆಜ್ಜೆ ದೂರಕ್ಕೆ ಬೆರಳು ಯಾವಾಗ ಬಿಡಬೇಕು ಅನ್ನೋದು ಕೈಗೆ ಗೊತ್ತಿರಬೇಕು, ಕಣ್ಣಿಗಲ್ಲ. ತುಸು ತಡವಾದರೆ ಮೊಳೆ ಹಲಗೆಗೆ ಅಡ್ಡಡ್ಡ ಬಡಿದು, ಎಸೆದವನ ಕಾಲಬುಡಕ್ಕೇ ವಾಪಸ್. ಸುತ್ತಲೂ ಮೊನೆ ಇರುವ ನಕ್ಷತ್ರದಂಥ ಶುರಿಕೆನ್‌ನಲ್ಲಿ ಈ ರಗಳೆ ಕಡಿಮೆ, ಯಾವುದೋ ಒಂದು ಮೊನೆ ಹೇಗೋ ಕಚ್ಚಿಕೊಳ್ಳುತ್ತದೆ. ಪುಸ್ತಕದ ಶಿಷ್ಯರಿಗೆ ನಕ್ಷತ್ರವೇ ಯಾಕೆ ಜಾಸ್ತಿ ಇಷ್ಟ ಅಂತ ಈಗ ತಿಳಿಯಿತಲ್ವಾ?

ಹಳಬರಿಗೆ ಪುಸ್ತಕ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ನಿಂಜಾ ವಿದ್ಯೆಯ ದೊಡ್ಡ ಗ್ರಂಥ ‘ಬನ್‌ಸೆನ್‌ಶೂಕಾಯಿ’ 1676ರದ್ದು. ಆದರೆ ಅದು ಮುಖ್ಯ ಜಾಗ ಬಂದಾಗ ಮಿಕ್ಕಿದ್ದನ್ನು ಗುರುವಿನ ಬಾಯಿಂದಲೇ ಕೇಳಿಕೋ ಎಂದು ಸುಮ್ಮನಾಗುತ್ತದೆ. ನಮ್ಮ ಕಾಲದ ಲೇಖಕರಿಗೆ ಆ ಸಂಕೋಚ ಇಲ್ಲ.

ಈ ಪುಸ್ತಕದ ನಿಂಜಾಗಳನ್ನು ನಿಜಕ್ಕೂ ಗಂಭೀರವಾಗಿ ತೆಗೆದುಕೊಂಡದ್ದು ಬ್ರಿಟಿಷ್ ಸರ್ಕಾರ. 1988ರಲ್ಲಿ ಇಂಗ್ಲೆಂಡಿನಲ್ಲಿ ಈ ನಕ್ಷತ್ರಗಳ ತಯಾರಿಕೆ, ಮಾರಾಟ ನಿಷೇಧವಾಯಿತು. 2021ರಿಂದ ಮನೆಯ ಡ್ರಾಯರ್‌ನಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಕಪಾಟಿನ ಪುಸ್ತಕವನ್ನು ಮಾತ್ರ ಯಾರೂ ಕೇಳಲಿಲ್ಲ. ಹಾಗಾಗಿ ಅಲ್ಲಿನ ಪ್ರಜೆ ಇಂದಿಗೂ ಕಾನೂನುಬದ್ಧವಾಗಿ ನಕ್ಷತ್ರ ಎಸೆಯುವುದನ್ನು ಕಲಿಯಬಹುದು, ನಕ್ಷತ್ರ ಮಾತ್ರ ಇರಕೂಡದು. ಪುಸ್ತಕದ ಬದನೆಕಾಯಿಗೆ ಇದಕ್ಕಿಂತ ಒಳ್ಳೆಯ ತೋಟ ಎಲ್ಲಿದೆ?

ತವರೂರಿನ ಕಥೆಯೂ ಕೇಳಿ. ಜಪಾನಿನ ಇಗಾ ಊರಲ್ಲಿ ನಿಂಜಾ ವಸ್ತುಸಂಗ್ರಹಾಲಯ ಇದೆ. ಗುಪ್ತ ಬಾಗಿಲು, ಅಡಗುತಾಣ, ಆಯುಧ ಎಲ್ಲವೂ ಅಲ್ಲಿವೆ. ಪ್ರವಾಸಿಗರು ದುಡ್ಡು ಕೊಟ್ಟು ನಕ್ಷತ್ರ ಎಸೆದು ನೋಡುತ್ತಾರೆ. 2020ರ ಆಗಸ್ಟಿನ ಒಂದು ರಾತ್ರಿ ಕಳ್ಳರು ನುಗ್ಗಿ, ಹತ್ತು ಲಕ್ಷಕ್ಕೂ ಮೀರಿದ ಯೆನ್ ಇದ್ದ 150 ಕಿಲೋ ತೂಕದ ತಿಜೋರಿಯನ್ನೇ ಹೊತ್ತೊಯ್ದರು. ಕೆಲಸ ಮುಗಿಸಲು ಹಿಡಿದದ್ದು ಸುಮಾರು ಮೂರು ನಿಮಿಷ. ಅವರು ಯಾವ ಪುಸ್ತಕ ಓದಿದ್ದರೋ, ಪ್ರಕಾಶಕರು ಅದನ್ನು ಹುಡುಕುವುದು ಒಳ್ಳೆಯದು.